ಎರಡು ಬೆರಳು ಕಡಿಮೆ

ಜೂನ್ 12

ಅಣ್ಣನಿಗೆ,

ಕಾಗದ ನೋಡಿ ಗಾಬರಿಯಾಗಬೇಡ, ಹೊಸದಾಗಿ ಏನೂ ಆಗಿಲ್ಲ. ಫೋನ್ ಮಾಡಿದರೆ ನಮ್ಮಿಬ್ಬರ ಪಾಡು ನಿನಗೇ ಗೊತ್ತು. ನೀನು ‘ಊಟ ಆಯ್ತಾ’ ಎನ್ನುತ್ತೀಯ, ನಾನು ‘ಆಯ್ತು’ ಎನ್ನುತ್ತೇನೆ, ಆಮೇಲೆ ಇಬ್ಬರೂ ಸುಮ್ಮನೆ ಫೋನ್ ಹಿಡಿದು ಕೂರುತ್ತೇವೆ. ಫೆಬ್ರವರಿಯಲ್ಲಿ ನನ್ನ ಮಗು ಹೋದಾಗಿನಿಂದ ಇದೇ ಆಯಿತು. ಅದಕ್ಕೇ ಬರೆಯೋಣ ಅಂತ ಕೂತೆ.

ಮೇ ತಿಂಗಳಿಡೀ ಹೊಲಿಗೆ ಮೆಷಿನ್ ಬಿಟ್ಟು ಏಳಲಿಲ್ಲ. ಈ ಸಲ ನೂರ ನಲವತ್ತು ಯೂನಿಫಾರ್ಮ್ ಬಂದಿತ್ತು. ಅಳತೆ ಕೊಡಿಸಲು ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರಿಗೆ ನನ್ನ ಮುಖ ನೋಡಲು ಸಂಕೋಚ. ಗೋಡೆಯ ಕ್ಯಾಲೆಂಡರನ್ನೇ ಓದುತ್ತಾ ನಿಲ್ಲುತ್ತಿದ್ದರು. ಮಕ್ಕಳಿಗೆ ಅದೆಲ್ಲ ಇಲ್ಲ. ಔಷಧಿ ಅಂಗಡಿಯವರ ಮಗಳು ಗೊತ್ತಲ್ಲ, ನಮ್ಮ ಕಡ್ಡಿಯ ಪಕ್ಕ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವಳು. ಕಳೆದ ವಾರ ಬಂದವಳು, “ಆಂಟಿ, ಕಡ್ಡಿ ಜಾಗದಲ್ಲಿ ಈಗ ನನ್ನ ಬ್ಯಾಗ್ ಇಡ್ತೀನಿ” ಅಂದಳು. ಒಳ್ಳೆಯದಾಯಿತು ಬಿಡು ಅಂದೆ.

ಕಡ್ಡಿ ಅಂತ ಹೆಸರಿಟ್ಟವನು ನೀನು. ಎಷ್ಟು ತಿನ್ನಿಸಿದರೂ ಮೈಗೆ ಹತ್ತದ ಹುಡುಗಿ ಅಂತ. ನಾನು ಮಕ್ಕಳ ಲಂಗದ ಅಂಚಿನಲ್ಲಿ ನಾಲ್ಕು ಬೆರಳು, ತೋಳಿನಲ್ಲಿ ಎರಡು ಬೆರಳು ಒಳಗೆ ಮಡಚಿ ಹೊಲಿಯುತ್ತೇನೆ, ವರ್ಷದ ನಡುವೆ ಉದ್ದವಾದರೆ ಬಿಚ್ಚಿಕೊಡಬಹುದು ಅಂತ. ಅವಳ ಲಂಗದ ಮಡಿಕೆ ಹಾಗೇ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಡ್ರಿಪ್ ಹಾಕಿದರೆ ಹನಿ ಎಣಿಸುವ ಕೆಲಸ ತಾಯಿಯದು. ಇಪ್ಪತ್ತು ಹಾಸಿಗೆಗೆ ಇಬ್ಬರು ಸಿಸ್ಟರ್, ಅವರಾದರೂ ಎಲ್ಲಿ ಅಂತ ನಿಂತಾರು? ‘ನಿಮಿಷಕ್ಕೆ ಹದಿನೆಂಟು, ಹೆಚ್ಚಾದರೆ ಚಕ್ರ ತಿರುಗಿಸಿ, ನಿಂತರೆ ಕೂಗಿ’ ಎಂದು ಹೇಳಿಕೊಟ್ಟು ಹೋಗುತ್ತಾರೆ. ಹತ್ತೊಂಬತ್ತು ದಿನ ನಾನು ಹನಿ ಎಣಿಸಿದೆ. ಅದಕ್ಕೊಂದು ಪಂಪ್ ಬರುತ್ತದಂತೆ, ತಾನೇ ಎಣಿಸಿ ತಾನೇ ಬಿಡುತ್ತದೆ, ಕೆಟ್ಟರೆ ಕಿರುಚುತ್ತದೆ. ಒಂದನ್ನಾದರೂ ಕಡ್ಡಿಯ ಹೆಸರಿನಲ್ಲಿ ಕೊಡಿಸಬೇಕು ಅಂತ ಮನಸ್ಸು. ನನ್ನ ಹೊಲಿಗೆಯಿಂದ, ಇವರ ಫೋಟೋ ಫ್ರೇಮಿನ ಅಂಗಡಿಯಿಂದ ಅದು ಆಗುವ ಮಾತಲ್ಲ.

ಇವರು ಉಳಿದ ಗಾಜು, ಹಲಗೆ ಸೇರಿಸಿ ನಾಲ್ಕು ಡಬ್ಬಿ ಮಾಡಿದ್ದಾರೆ. ಮಾತಿಲ್ಲ ಕತೆಯಿಲ್ಲ, ಕೂತು ಮಾಡಿದರು. ಗಾಜಿನ ಮೇಲೆ ಕಡ್ಡಿಯ ಶಾಲೆಯ ಫೋಟೋ. ಕೆಳಗೆ ನಾನೇ ಬರೆದೆ: ‘ಮಕ್ಕಳ ವಾರ್ಡಿಗೆ ಡ್ರಿಪ್ ಪಂಪ್ ಕೊಡಿಸಲು, ನಮ್ಮ ಕಡ್ಡಿಯ ಹೆಸರಿನಲ್ಲಿ, ಕೈಲಾದಷ್ಟು ಹಾಕಿ.’ ಒಂದನ್ನು ನಿನಗೆ ಪಾರ್ಸಲ್ ಮಾಡಿದ್ದೇನೆ. ನಿನ್ನ ಬಸ್ ನಿಲ್ದಾಣದಲ್ಲಿ ದಿನಕ್ಕೆ ಸಾವಿರ ಜನ ಓಡಾಡುತ್ತಾರೆ. ನಿನ್ನ ಕಿಟಕಿಯ ಹತ್ತಿರ ಇಡುತ್ತೀಯಾ?

ಫೆಬ್ರವರಿಯಲ್ಲಿ ನಿನಗೆ ರಜೆ ಸಿಗಲಿಲ್ಲ ಅಂತ ನನಗೆ ಬೇಜಾರಿಲ್ಲ. ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೂರಬೇಡ.

ನಿನ್ನ ತಂಗಿ


ಜೂನ್ 27

ತಂಗಿಗೆ,

ಡಬ್ಬಿ ಒಂದು ಗೀರೂ ಇಲ್ಲದೆ ತಲುಪಿತು. ಭಾವನ ಕೈಕೆಲಸ ಅಂದರೆ ಕೈಕೆಲಸ, ನಮ್ಮ ನಿಲ್ದಾಣದ ಯಾವ ಬಾಗಿಲೂ ಇಷ್ಟು ಗಟ್ಟಿಯಾಗಿಲ್ಲ. ವಿಚಾರಣೆ ಕಿಟಕಿಯಲ್ಲಿ, ನನ್ನ ಮೈಕಿನ ಪಕ್ಕದಲ್ಲೇ ಇಟ್ಟಿದ್ದೇನೆ. ಬಸ್ಸಿನ ವೇಳೆ ಕೇಳಲು ಬಗ್ಗಿದವರಿಗೆ ಮೊದಲು ಕಡ್ಡಿ ಕಾಣುತ್ತಾಳೆ, ಆಮೇಲೆ ನಾನು. ನನ್ನ ಮುಖ ನೋಡಿ ಒಬ್ಬರೂ ಕಾಸು ಬಿಚ್ಚುವುದಿಲ್ಲ, ಅವಳನ್ನು ನೋಡಿ ಬಿಚ್ಚುತ್ತಾರೆ.

ನಮ್ಮಲ್ಲಿ ಲಗೇಜ್ ಕೋಣೆಯಲ್ಲಿ ಒಬ್ಬಾಕೆ ಇದ್ದಾಳೆ, ನಿಲ್ದಾಣಕ್ಕೆಲ್ಲ ದೊಡ್ಡಮ್ಮ. ಬರುವ ವರ್ಷ ನಿವೃತ್ತಿ. ಸದಾ ಮಡಿಲಲ್ಲಿ ಉಣ್ಣೆ, ಕೈಯಲ್ಲಿ ಎರಡು ಸೂಜಿ. ಹೆಣಿಗೆ ನಿಲ್ಲಿಸದೆಯೇ ರಸೀದಿ ಹರಿದು ಕೊಡುತ್ತಾಳೆ. ಡಬ್ಬಿಯ ಮುಂದೆ ಬಹಳ ಹೊತ್ತು ನಿಂತು, “ಇವಳೂ ನಿನ್ನ ಥರಾನೇ ಗಲ್ಲ ಮುಂದೆ ಚಾಚ್ತಾಳಲ್ಲೋ” ಅಂದಳು. ಮಗುವಿಗೆ ಏನಾಗಿದೆ ಎಂದು ಕೇಳಿದಳು. ಜ್ವರ ಬಂದದ್ದು, ಅದು ರಕ್ತಕ್ಕೆ ಇಳಿದದ್ದು, ವಾರ್ಡು, ಡ್ರಿಪ್ಪು ಎಲ್ಲ ಹೇಳಿದೆ. ಅಷ್ಟರಲ್ಲಿ ಬಸ್ಸು ಬಂತು, ಮೈಕ್ ಹಿಡಿಯಬೇಕಾಯಿತು.

ಅತ್ತಿಗೆ ನಿನ್ನನ್ನು ಕೇಳಿದಳು. ನೀನು ಹೊತ್ತಿಗೆ ಸರಿಯಾಗಿ ತಿನ್ನು. ಭಾವನಿಗೂ ತಿನ್ನಿಸು.

ಅಣ್ಣ


ಆಗಸ್ಟ್ 3

ಅಣ್ಣನಿಗೆ,

ಇಲ್ಲಿಯ ಮೂರು ಡಬ್ಬಿಗಳ ಕಥೆ ಕೇಳಬೇಡ. ಹಿಟ್ಟಿನ ಗಿರಣಿಯಲ್ಲಿ ಒಂದು, ಔಷಧಿ ಅಂಗಡಿಯಲ್ಲಿ ಒಂದು, ಇವರ ಅಂಗಡಿಯಲ್ಲಿ ಒಂದು. ಈ ಬೀದಿಯವರಿಗೆಲ್ಲ ಗೊತ್ತಿರುವುದರಿಂದ ಡಬ್ಬಿಯ ಕಡೆ ನೋಡುವುದೇ ಇಲ್ಲ. ಹಾಕುವವರೂ ತಲೆ ತಗ್ಗಿಸಿ ಹಾಕಿ ಬೇಗ ನಡೆದುಬಿಡುತ್ತಾರೆ. ನನ್ನ ಹತ್ತಿರ ಬಟ್ಟೆ ಕೊಡಲು ಬರುವವರು ಈಗ ಚೌಕಾಸಿ ಮಾಡುವುದನ್ನೇ ಬಿಟ್ಟಿದ್ದಾರೆ. ಮೊದಲೆಲ್ಲ ಅವರೊಡನೆ ಜಗಳವಾಡಿ ಆಡಿ ಬೇಸತ್ತಿದ್ದೆ, ಈಗ ಯಾರಾದರೂ ಬಂದು ‘ದುಬಾರಿಯಾಯ್ತು’ ಅಂತ ಜಗಳ ತೆಗೆದರೆ ಸಾಕಪ್ಪ ಅನ್ನಿಸುತ್ತದೆ.

ಆಸ್ಪತ್ರೆಗೆ ಹೋಗಿದ್ದೆ. ವಾರ್ಡಿನ ಹಿರಿಯ ಸಿಸ್ಟರ್ ಗುರುತು ಹಿಡಿದರು. ಪಂಪಿನ ಕಂಪನಿಯ ಹಾಳೆ ತೋರಿಸಿದರು, ಬೆಲೆ ನೋಡಿ ಹಾಳೆಯನ್ನು ಮಡಚಿ ವಾಪಸ್ ಕೊಟ್ಟೆ. ನಾವಿದ್ದ ಹಾಸಿಗೆಯ ಹತ್ತಿರ ಬೇರೆ ಒಬ್ಬ ತಾಯಿ ಕೂತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಅವಳ ಜೊತೆ ಎಣಿಸಿದೆ, ಹದಿನೆಂಟು ಆಗುವವರೆಗೆ.

ನಿನ್ನ ಡಬ್ಬಿ ತುಂಬುತ್ತಿದೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಳು. ಅಲ್ಲಿಯವರು ಎಂಥ ಒಳ್ಳೆಯವರು ಅಣ್ಣ. ಕಂಡಿಲ್ಲದ ಮಗುವಿಗಾಗಿ ಮನಸ್ಸು ನೋಯಿಸಿಕೊಳ್ಳುತ್ತಾರಲ್ಲ. ನಿನಗೂ ದುಃಖ ಹೇಳಿಕೊಳ್ಳಲು ನಾಲ್ಕು ಜನ ಸಿಕ್ಕರು ಎಂದು ನನಗೆ ಸಮಾಧಾನ. ಇಲ್ಲಿ ಇವರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಕಡ್ಡಿಯ ಹೆಸರು ಎತ್ತಿದರೆ ಎದ್ದು ಗಾಜು ಕೊಯ್ಯಲು ಹೋಗುತ್ತಾರೆ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ತಂಗಿ


ಆಗಸ್ಟ್ 22

ತಂಗಿಗೆ,

ಡಬ್ಬಿ ಎರಡು ಸಲ ತುಂಬಿತು. ಎರಡು ಸಲವೂ ನಿಲ್ದಾಣದ ಮೇಲಧಿಕಾರಿಯ ಎದುರೇ ತೆರೆದು ಚೀಲಕ್ಕೆ ಹಾಕಿ ಮೊಹರು ಮಾಡಿದೆವು. ಕಂಡಕ್ಟರುಗಳು ದಿನದ ಚಿಲ್ಲರೆ ಲೆಕ್ಕದಲ್ಲಿ ಉಳಿದದ್ದನ್ನು ಹಾಕಿ ಹೋಗುತ್ತಾರೆ. ಕ್ಯಾಂಟೀನಿನವನು ಜಿಪುಣರಲ್ಲಿ ಜಿಪುಣ, ಅವನೂ ದಿನಾ ಸಂಜೆ ಬಂದು ಹಾಕುತ್ತಾನೆ. ಹಾಕಿದ ಮೇಲೆ ಫೋಟೋ ಕಡೆ ಕೈ ಆಡಿಸಿ ಟಾಟಾ ಮಾಡುತ್ತಾನೆ, ಯಾರೂ ನೋಡುತ್ತಿಲ್ಲ ಅಂದುಕೊಂಡು.

ನಮ್ಮ ಮೀಸೆ ಡ್ರೈವರ್ ಮುಂದಿನ ತಿಂಗಳಿಂದ ನಿಮ್ಮ ಊರಿನ ಬಸ್ಸಿಗೆ ಹೋಗುತ್ತಾನೆ. ಚೀಲವನ್ನು ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ, ನಂಬಿಕೆಯ ಮನುಷ್ಯ. ನೀನು ಬರುವುದು ಬೇಡ, ಭಾವನನ್ನು ಕಳಿಸು. ನಿನಗೆ ಕೆಲಸ ಇರುತ್ತದೆ. ಮೀಸೆ ಬಾಯಿ ತೆರೆದರೆ ಬಸ್ಸು ಹೊರಡುವುದಿಲ್ಲ, ಸುಮ್ಮನೆ ತಲೆ ತಿನ್ನುತ್ತಾನೆ.

ದೊಡ್ಡಮ್ಮ ನಮಸ್ಕಾರ ಹೇಳಿದಳು. ಹಳದಿ ಉಣ್ಣೆ ತಂದು ಏನೋ ಹೊಸದು ಶುರು ಮಾಡಿದ್ದಾಳೆ.

ಅಣ್ಣ


ಸೆಪ್ಟೆಂಬರ್ 10

ಅಣ್ಣ,

ಇವರಿಗೆ ಜ್ವರ ಇತ್ತು. ನಾನೇ ಹೋಗಿದ್ದೆ.

ನಿನ್ನ ಮೀಸೆ ಡ್ರೈವರ್ ಬಸ್ಸಿನಿಂದ ಇಳಿದು ಎರಡು ಕೈಯಲ್ಲಿ ಚೀಲ ಕೊಟ್ಟರು. ಅದರ ಮೇಲೆ ಒಂದು ಚಾಕೊಲೇಟ್ ಇಟ್ಟರು. “ಇದು ಹುಡುಗಿಗೆ ತಂಗೀ. ಈಗ ಹೇಗಿದ್ದಾಳೆ? ಎದ್ದು ಓಡಾಡ್ತಾಳಾ? ನಿಮ್ಮಣ್ಣನ್ನ ಕೇಳಿದ್ರೆ ದಿನಾ ಪರವಾಗಿಲ್ಲ, ಪರವಾಗಿಲ್ಲ ಅಂತಾನೆ, ಸರಿಯಾಗಿ ಬಾಯಿ ಬಿಡಲ್ಲ” ಅಂದರು.

ನನಗೆ ಒಂದು ಕ್ಷಣ ಯಾವ ಹುಡುಗಿ ಅಂತಲೇ ತಿಳಿಯಲಿಲ್ಲ. ತಿಳಿದಾಗ ಚೀಲ ನೆಲಕ್ಕೆ ಇಟ್ಟುಬಿಟ್ಟೆ. ಏನು ಹೇಳಿದೆ ಗೊತ್ತಾ? ‘ಓಡಾಡ್ತಾಳೆ’ ಅಂದೆ. ಆ ಮನುಷ್ಯನ ಮುಖ ಅರಳಿದ್ದು ನೋಡಲಾಗಲಿಲ್ಲ. ಹಿಂದಿನ ಸೀಟಿನ ಕಂಡಕ್ಟರಿಗೆ ಕೂಗಿ ಹೇಳಿದರು, ಓಡಾಡ್ತಾಳಂತೆ ಕಣೋ ಅಂತ.

ಚಾಕೊಲೇಟ್ ಇನ್ನೂ ಮೆಷಿನ್ ಮೇಲೆ ಇದೆ.

ಜೂನಿನಿಂದ ನಿನ್ನ ಊರಿನಲ್ಲಿ ನನ್ನ ಮಗಳು ಕಾಯಿಲೆಯಲ್ಲಿ ಮಲಗಿದ್ದಾಳೆ, ನನಗೇ ಗೊತ್ತಿಲ್ಲ. ಹೆಚ್ಚು ಕಾಸು ಬೀಳಲಿ ಅಂತ ಹೀಗೆ ಮಾಡಿದೆಯಾ? ಹಾಗಿದ್ದರೆ ಹೇಳಿಬಿಡು. ಈ ಚೀಲವನ್ನು ನಾನು ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ. ಹಾಕಿದವರಿಗೆಲ್ಲ ವಾಪಸ್ ಕೊಡು. ನಿಜ ಹೇಳಿ ಕೊಡು. ನಿನ್ನ ಹತ್ತಿರ ಮೈಕ್ ಇದೆಯಲ್ಲ.


ಸೆಪ್ಟೆಂಬರ್ 24

ತಂಗಿಗೆ,

ಈ ಕಾಗದ ಮೂರನೇ ಸಲ ಬರೆಯುತ್ತಿರುವುದು. ಮೊದಲಿನ ಎರಡರಲ್ಲಿ ಬರೀ ನನ್ನನ್ನು ನಾನೇ ಸಮರ್ಥಿಸಿಕೊಂಡಿದ್ದೆ, ಹರಿದು ಹಾಕಿದೆ.

ಕಾಸಿಗಾಗಿ ಅಲ್ಲ. ಅವಳ ಆಣೆಗೂ ಅಲ್ಲ. ಮೊದಲ ದಿನ ದೊಡ್ಡಮ್ಮ ‘ಈಗ ಹೇಗಿದ್ದಾಳೆ’ ಎಂದಾಗ ಹೇಳಬೇಕು ಅಂತಲೇ ಬಾಯಿ ತೆರೆದೆ. ‘ಪರವಾಗಿಲ್ಲ’ ಅಂತ ಬಂತು. ಮರುದಿನ ಇನ್ನೊಬ್ಬ ಕೇಳಿದ. ನಿನ್ನೆ ಪರವಾಗಿಲ್ಲ ಅಂದವನು ಇವತ್ತು ಇಲ್ಲ ಅನ್ನುವುದು ಹೇಗೆ? ದಿನಕ್ಕೆ ಇನ್ನೂರು ಬಸ್ಸಿನ ಹೆಸರು ಕೂಗುವವನು ನಾನು, ಈ ಒಂದು ಮಾತು ಹೊರಡುವುದಿಲ್ಲ. ಮತ್ತೆ ನಿಜ ಹೇಳುತ್ತೇನೆ, ಬೈದುಕೋ. ಬೆಳಿಗ್ಗೆ ಕೆಲಸಕ್ಕೆ ಬಂದ ಕೂಡಲೇ ಯಾರಾದರೂ ‘ಹೇಗಿದ್ದಾಳೆ’ ಅಂತ ಕೇಳುತ್ತಾರೆ ಅನ್ನುವುದೇ ನನಗೆ ಆಸೆಯಾಗಿತ್ತು. ಈ ಒಂದು ಜಾಗದಲ್ಲಿ ಅವಳು ಇದ್ದಾಳೆ ಅನ್ನಿಸುತ್ತಿತ್ತು.

ಇನ್ನೊಂದು ಇದೆ. ಫೆಬ್ರವರಿಯಲ್ಲಿ ರಜೆ ಸಿಗಲಿಲ್ಲ ಎಂದಿದ್ದೆ. ಸಿಕ್ಕಿತ್ತು. ನಾಲ್ಕು ದಿನ ಕೊಟ್ಟಿದ್ದರು. ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರು, ಕೆಳಗಿಳಿದೆ. ಬಸ್ಸು ಹಾರ್ನ್ ಹೊಡೆಯಿತು, ಕಂಡಕ್ಟರ್ ಹುಡುಕಿಕೊಂಡು ಬಂದ. ನೀವು ಹೋಗಿ ಅಂದುಬಿಟ್ಟೆ. ಅಲ್ಲಿಯ ಕಲ್ಲುಬೆಂಚಿನ ಮೇಲೆ ಕೂತು, ಎದುರು ದಿಕ್ಕಿನ ಬಸ್ಸು ಬಂದಾಗ ಹತ್ತಿ ಮನೆಗೆ ಬಂದೆ. ನಿನ್ನ ಅತ್ತಿಗೆಗೆ ಮಾತ್ರ ಗೊತ್ತು. ಕಡ್ಡಿಯನ್ನು ಮಣ್ಣಿನಲ್ಲಿ ಮಲಗಿಸಿದ್ದನ್ನು ನಾನು ನೋಡಲಿಲ್ಲವಲ್ಲ, ಆದ್ದರಿಂದ ನನ್ನ ಮಟ್ಟಿಗೆ ಅವಳು ಇನ್ನೂ ವಾರ್ಡಿನಲ್ಲೇ ಇದ್ದಾಳೆ.

ವಾಪಸ್ ಕೊಡು ಎನ್ನುತ್ತೀಯ. ಯಾರಿಗೆ ಕೊಡಲಿ? ಹಾಕಿದವರಲ್ಲಿ ಮುಕ್ಕಾಲು ಪಾಲು ಬಸ್ಸು ಹತ್ತಿ ಎತ್ತಲೋ ಹೋದವರು.

ಒಂದು ಮಾತು ಕೇಳಲೇ? ಕೋಪ ಮಾಡಿಕೊಳ್ಳಬೇಡ. ಡಬ್ಬಿಯ ಮೇಲೆ ‘ನೆನಪಿಗಾಗಿ’ ಅಂತ ಎಲ್ಲಿ ಬರೆದಿದ್ದೀಯ? ಅದನ್ನು ಎಷ್ಟು ಸಲ ಓದಿದ್ದೇನೋ ನಾನು. ನಿನ್ನ ಕೈಯಲ್ಲೂ ಆಗಲಿಲ್ಲ ಅಲ್ಲವಾ?

ಅಣ್ಣ


ಅಕ್ಟೋಬರ್ 16

ತಂಗಿಗೆ,

ಮೂರು ವಾರವಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಭಾವನಿಗೆ ಫೋನ್ ಮಾಡಿದೆ. ‘ಇದ್ದಾಳೆ’ ಅಂದರು, ಇಟ್ಟರು.

ನೀನು ಹೇಳಿದ್ದನ್ನು ಮಾಡಲು ಹೋದೆ. ಸೋಮವಾರ ಬೆಳಿಗ್ಗೆ ಎಲ್ಲರೂ ಇರುವ ಹೊತ್ತು, ಹಾಜರಿ ಹಾಕಲು ಡ್ರೈವರು ಕಂಡಕ್ಟರುಗಳು ಸಾಲಾಗಿ ನಿಂತಿದ್ದರು. ಮೈಕ್ ಹಿಡಿದೆ. ‘ಎಲ್ಲರ ಗಮನಕ್ಕೆ’ ಅಂದೆ. ಎಲ್ಲರೂ ತಿರುಗಿದರು. ಆಮೇಲೆ ನಾಲ್ಕನೇ ಅಂಕಣದ ಬಸ್ಸು ಈಗ ಹೊರಡಲಿದೆ ಅಂದೆ. ಅದು ಹೊರಟು ಹತ್ತು ನಿಮಿಷವಾಗಿತ್ತು. ಒಬ್ಬ ಮುದುಕ ಗಂಟು ಹೊತ್ತುಕೊಂಡು ಓಡಿದ, ಪಾಪ. ಎಲ್ಲರೂ ನಕ್ಕರು. ನಾನೂ ನಕ್ಕೆ.

ದೊಡ್ಡಮ್ಮ ಹಳದಿ ಉಣ್ಣೆಯಲ್ಲಿ ಹೆಣೆಯುತ್ತಿರುವುದು ಕಡ್ಡಿಗೆ. ಸ್ವೆಟರು. ಆಸ್ಪತ್ರೆಯಿಂದ ಬಂದ ಮಕ್ಕಳಿಗೆ ಚಳಿ ಬೇಗ ಹತ್ತುತ್ತದೆ ಅಂತ. ಅಂದಾಜಿನಲ್ಲಿ ಬೆನ್ನಿನ ಭಾಗ ಮುಗಿಸಿದ್ದಾಳೆ. ತೋಳಿಗೆ ಅಳತೆ ಬೇಕಂತೆ, ‘ನಿನ್ನ ತಂಗಿ ದರ್ಜಿಯಲ್ವೇನೋ, ಒಂದು ಚೀಟಿಯಲ್ಲಿ ಬರೆದು ಕಳಿಸೋಕೆ ಏನು’ ಎಂದು ದಿನಾ ಕೇಳುತ್ತಾಳೆ. ಬರೆದಿದ್ದೇನೆ, ಬಂದಿಲ್ಲ ಅಂತ ದಿನಾ ಹೇಳುತ್ತೇನೆ. ನನಗೆ ಏನು ಮಾಡಬೇಕೋ ಗೊತ್ತಾಗುತ್ತಿಲ್ಲ. ನೀನಾದರೂ ಹೇಳು.

ಅಣ್ಣ


ಅಕ್ಟೋಬರ್ 29

ಅಣ್ಣನಿಗೆ,

ನಿನ್ನ ಮೇಲಿನ ಕೋಪಕ್ಕೆ ಸುಮ್ಮನಿರಲಿಲ್ಲ. ನೀನು ಕೇಳಿದ ಕಡೆಯ ಮಾತಿಗೆ ಉತ್ತರ ಹುಡುಕುತ್ತಿದ್ದೆ. ಹೌದು, ಬರೆಯಲಾಗಲಿಲ್ಲ. ಕುಂಚ ಹಿಡಿದು ಒಂದು ಮಧ್ಯಾಹ್ನ ಕೂತಿದ್ದೆ. ‘ನೆನಪಿಗಾಗಿ’ ಅಂತ ಬರೆಯಲು ಜಾಗವನ್ನೂ ಬಿಟ್ಟಿದ್ದೆ. ಫೋಟೋ ಕೆಳಗೆ ಒಂದು ಗೆರೆಯಷ್ಟು ಖಾಲಿ ಇದೆ ನೋಡು. ಇವರು ಅದನ್ನು ಕಂಡರು, ಏನೂ ಕೇಳದೆ ಗಾಜು ಕೂರಿಸಿದರು. ನಿನ್ನನ್ನು ಬೈದಷ್ಟೂ ನನ್ನನ್ನೇ ಬೈದುಕೊಂಡೆ.

ಚೀಲ ಬಿಚ್ಚಿದೆ. ನೀನು ಕೇಳಿದ್ದು ಸರಿ, ಯಾರಿಗೆ ವಾಪಸ್ ಕೊಡುವುದು? ಇಲ್ಲಿಯ ಮೂರು ಡಬ್ಬಿಯದ್ದೂ ಸೇರಿಸಿ, ನನ್ನ ಬಳೆ ಎರಡು ಸೇರಿಸಿ ಆಸ್ಪತ್ರೆಗೆ ಕೊಟ್ಟೆವು. ಹೋದ ವಾರ ಪಂಪ್ ಬಂತು. ಒಂದು. ಇಪ್ಪತ್ತು ಹಾಸಿಗೆಗೆ ಒಂದು ಪಂಪ್. ಹಿರಿಯ ಸಿಸ್ಟರ್ ಯಾರಿಗೆ ಹಚ್ಚುವುದು ಅಂತ ಅತ್ತ ಇತ್ತ ನೋಡಿದರು. ನಾನು ಕೊಟ್ಟದ್ದು ಅವರಿಗೆ ಇನ್ನೊಂದು ಕಷ್ಟವಾಯಿತು. ಕಡೆಗೆ ಕಿಟಕಿ ಪಕ್ಕದ ಪುಟ್ಟ ಮಗುವಿಗೆ ಹಚ್ಚಿದರು. ಹಸಿರು ಅಂಕಿ ಬಂತು, ತಾನೇ ಎಣಿಸತೊಡಗಿತು. ಆ ಮಗುವಿನ ತಾಯಿ ನನಗೆ ಕೈಮುಗಿದು ಕೂತಳು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಅವಳ ತುಟಿ ಅಲ್ಲಾಡುತ್ತಿದೆ. ಯಂತ್ರದ ಮೇಲೆ ನಂಬಿಕೆ ಬರಲಿಲ್ಲ, ಹನಿ ಎಣಿಸುತ್ತಿದ್ದಾಳೆ. ಇದು ತಪ್ಪಲಿ ಅಂತ ಅಲ್ಲವಾ ಅಣ್ಣ ನಾನು ಇಷ್ಟೆಲ್ಲ ಮಾಡಿದ್ದು.

ನೀನು ಹೇಳಿದ್ದಕ್ಕೆ ನಾನೂ ಒಂದು ಹೇಳಬೇಕು. ಹದಿನೇಳನೇ ದಿನ ಮಧ್ಯಾಹ್ನ ಹನಿ ಎಣಿಸುತ್ತಾ ಎಣಿಸುತ್ತಾ ನಿದ್ದೆ ಹೋದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಎದ್ದಾಗ ಬಾಟಲಿ ಖಾಲಿ, ಕೊಳವೆಯಲ್ಲಿ ರಕ್ತ ಮೇಲೆ ಏರಿತ್ತು. ಡಾಕ್ಟರು ಅದರಿಂದ ಏನೂ ಆಗಿಲ್ಲ, ಕಾಯಿಲೆಯೇ ಹಾಗಿತ್ತು ಎಂದು ಎರಡು ಸಲ ಕೂರಿಸಿ ಹೇಳಿದರು. ಹೇಳಿದರು, ಸರಿ. ಎರಡು ದಿನಕ್ಕೆ ಹೋದಳಲ್ಲ. ಇದು ಇವರಿಗೂ ಗೊತ್ತಿಲ್ಲ. ಪಂಪ್ ಪಂಪ್ ಅಂತ ನಾನು ಬಡಿದುಕೊಂಡದ್ದು ಯಾಕೆ ಅಂತ ಈಗ ತಿಳಿಯಿತಾ? ನೀನು ಅರ್ಧ ದಾರಿಯಲ್ಲಿ ಇಳಿದವನು, ನಾನು ಪಕ್ಕದಲ್ಲೇ ಕೂತು ನಿದ್ದೆ ಹೋದವಳು. ನಿನಗೆ ನಾನೇನು ಬೈಯಲಿ?

ಇದರ ಜೊತೆ ಬೇರೆ ಒಂದು ಹಾಳೆ ಇಟ್ಟಿದ್ದೇನೆ. ಅದರಲ್ಲಿ ಎರಡೇ ಸಾಲು: ಕಡ್ಡಿ ಫೆಬ್ರವರಿ ಇಪ್ಪತ್ತೊಂದಕ್ಕೆ ತೀರಿಕೊಂಡಳು. ಪಂಪ್ ಅವಳ ನೆನಪಿಗಾಗಿ. ನಾನೂ ಇದನ್ನು ಮೊದಲ ಸಲ ಬರೆದದ್ದು. ಮೈಕ್ ಬೇಡ, ನೀನು ಬಾಯಿ ತೆರೆಯುವುದೂ ಬೇಡ. ದೊಡ್ಡಮ್ಮನ ಕೈಗೆ ಕೊಡು. ಆ ಹೆಣಿಗೆ ಬಿಚ್ಚಿ ಬೇರೆ ಯಾರಿಗಾದರೂ ಹಾಕಲಿ, ಉಣ್ಣೆ ದಂಡವಾಗುವುದು ಬೇಡ.

ನಿನ್ನ ತಂಗಿ


ನವೆಂಬರ್ 9

ತಂಗಿಗೆ,

ಮೊದಲು ನಿನ್ನ ಮಾತು. ಹದಿನೇಳು ದಿನ ಕಣ್ಣು ಮುಚ್ಚದೆ ಕೂತ ಮನುಷ್ಯರಿಗೆ ನಿದ್ದೆ ಬರುತ್ತದೆ. ಇದನ್ನು ಎಷ್ಟು ಸಲ ಬರೆದರೂ ನಿನಗೆ ತಲುಪುವುದಿಲ್ಲ ಅಂತ ಗೊತ್ತು. ಆದರೂ ಬರೆದೆ. ನಾನು ಇಳಿಯದೆ ಬಂದಿದ್ದರೆ ಆ ಮಧ್ಯಾಹ್ನ ನಾನು ಎಣಿಸಬಹುದಿತ್ತಲ್ಲ ಎಂದು ಲೆಕ್ಕ ಹಾಕಿದೆ. ನನಗೆ ರಜೆ ಸಿಕ್ಕಿದ್ದು ಹದಿನಾರನೇ ದಿನ.

ಹಾಳೆಯನ್ನು ದೊಡ್ಡಮ್ಮನ ಕೈಗೆ ಕೊಟ್ಟೆ. ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ಮಡಚಿ ಉಣ್ಣೆಯ ಬುಟ್ಟಿಯಲ್ಲಿ ಇಟ್ಟುಕೊಂಡಳು. ಆ ದಿನ ಅವಳ ಸೂಜಿ ನಿಂತಿತ್ತು, ಹನ್ನೆರಡು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ.

ಮಾರನೆಯ ದಿನ ಎಲ್ಲರಿಗೂ ಗೊತ್ತಾಯಿತು. ಮೀಸೆ ನನ್ನ ಕಿಟಕಿಗೆ ಬರುವುದನ್ನು ಬಿಟ್ಟಿದ್ದಾನೆ, ಬಸ್ಸಿನ ಹಾಳೆಯನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಾನೆ. ಕ್ಯಾಂಟೀನಿನವನು ಎಲ್ಲರೆದುರು “ಸತ್ತ ಮಗೂನ ಬದುಕಿದೆ ಅಂತ ತೋರಿಸಿ ಕಾಸು ಎತ್ತಿದ್ಯಲ್ಲಯ್ಯಾ” ಅಂದ. ನಾನು ಹೂಂ ಅಂದೆ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆಮೇಲೆ ಅವನೇ ಅಡುಗೆಮನೆಯ ಹಿಂದೆ ಹೋಗಿ ಅತ್ತನಂತೆ. ಮೇಲಧಿಕಾರಿ ಡಬ್ಬಿ ತೆಗೆಯಲು ಹೇಳಿದರು. ತೆಗೆದೆ. ಮೈಕಿನ ಪಕ್ಕ ಈಗ ಚೌಕಾಕಾರದ ಒಂದು ಗುರುತು ಇದೆ, ಸುತ್ತ ದೂಳು ಕೂತಿದ್ದರಿಂದ. ಬೆಳಿಗ್ಗೆ ಬಂದರೆ ಹೇಗಿದ್ದಾಳೆ ಅಂತ ಯಾರೂ ಕೇಳುವುದಿಲ್ಲ.

ಇನ್ನು ಬರೆಯಲಾರದ್ದನ್ನು ಬರೆಯುತ್ತೇನೆ. ನಿನ್ನೆ ಸಂಜೆ ದೊಡ್ಡಮ್ಮ ಕೋಣೆಗೆ ಬೀಗ ಹಾಕಿ ನನ್ನ ಹತ್ತಿರ ಬಂದಳು. ಕೈಯಲ್ಲಿ ಆ ಹಳದಿ ಬೆನ್ನು. “ಬಿಚ್ಚೋಕೆ ಕೂತೆ ಕಣೋ. ಎರಡು ಸಾಲು ಬಿಚ್ಚಿದೆ, ಕೈ ಬರಲಿಲ್ಲ. ಅಳತೆ ತರಿಸಿಕೊಡು, ಮುಗಿಸಿಬಿಡ್ತೀನಿ” ಅಂದಳು.

ಯಾರ ಅಳತೆ ಎಂದು ಕೇಳಿದೆ.

“ಇದ್ದಿದ್ರೆ ಈಗ ಎಷ್ಟಿರ್ತಿದ್ಲೋ ಅಷ್ಟು.”

ಅದು ನಿನ್ನನ್ನು ಕೇಳುವ ಮಾತಲ್ಲ ಎಂದು ಹೇಳಿದೆ, ಬೇಡಿಕೊಂಡೆ. ಅವಳು ಕೇಳಿಸಿಕೊಳ್ಳಲಿಲ್ಲ. ಬರೆಯದೆ ಬಿಟ್ಟುಬಿಡಬಹುದಿತ್ತು. ಆದರೆ ಮತ್ತೆ ಒಂದನ್ನು ಬಚ್ಚಿಡಲು ನನ್ನಿಂದಾಗದು. ನೀನು ಈ ಕಾಗದವನ್ನು ಹರಿದು ಒಲೆಗೆ ಹಾಕು. ನಾನು ಅವಳಿಗೆ ಏನಾದರೂ ಹೇಳಿಕೊಳ್ಳುತ್ತೇನೆ.

ಅಣ್ಣ


ನವೆಂಬರ್ 20

ಅಣ್ಣನಿಗೆ,

ಹರಿದೆ. ಆಮೇಲೆ ಚೂರುಗಳನ್ನು ಮೆಷಿನ್ ಮೇಲೆ ಜೋಡಿಸಿ ಮತ್ತೆ ಓದಿದೆ. ನಿನ್ನ ದೊಡ್ಡಮ್ಮನಿಗೆ ತಲೆ ಕೆಟ್ಟಿದೆ ಎಂದು ಇವರ ಹತ್ತಿರ ಕೂಗಾಡಿದೆ. ಇವರು ಕೇಳಿಸಿಕೊಂಡರು. ಈ ಸಲ ಗಾಜು ಕೊಯ್ಯಲು ಎದ್ದು ಹೋಗಲಿಲ್ಲ. ಕೂತೇ ಇದ್ದರು. ನನ್ನ ನಿದ್ದೆಯ ವಿಷಯವನ್ನೂ ಹೇಳಿಬಿಟ್ಟೆ. “ನಂಗೆ ಗೊತ್ತಿತ್ತು” ಅಂದರು. ಆ ಮಧ್ಯಾಹ್ನ ಅವರು ಊಟ ತಂದಿದ್ದರಂತೆ. ನಾನು ಮಲಗಿದ್ದು ನೋಡಿ, ಪಾಪ ಮಲಗಲಿ ಅಂತ ಎಬ್ಬಿಸದೆ ಊಟದ ಡಬ್ಬಿ ಇಟ್ಟು ಹೋದರಂತೆ. ಬಾಟಲಿಯ ಕಡೆ ಅವರೂ ನೋಡಲಿಲ್ಲವಂತೆ. ಒಂಬತ್ತು ತಿಂಗಳು ಇಬ್ಬರೂ ಒಂದೇ ಮನೆಯಲ್ಲಿ ಇದನ್ನು ಹೊತ್ತುಕೊಂಡು ಓಡಾಡಿದ್ದೇವೆ.

ಪಂಪಿನ ಮೇಲೆ ಹಿತ್ತಾಳೆಯ ಸಣ್ಣ ಪಟ್ಟಿ ಹಾಕಿದ್ದಾರೆ, ನಾನು ಆ ಹಾಳೆಯಲ್ಲಿ ಬರೆದಂತೆಯೇ. ಕಿಟಕಿ ಪಕ್ಕದ ಮಗು ಮನೆಗೆ ಹೋಯಿತಂತೆ. ಅದಕ್ಕೆ ಮೊದಲೇ ಬೇರೆ ಹಾಸಿಗೆಯ ಒಂದು ಮಗು ತೀರಿಹೋಯಿತು, ಅದಕ್ಕೆ ಪಂಪ್ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಉಳಿಯುತ್ತಿತ್ತಾ ಎಂದು ಸಿಸ್ಟರನ್ನು ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

ಶುಕ್ರವಾರ ಔಷಧಿ ಅಂಗಡಿಯವರ ಮಗಳು ಬಂದಿದ್ದಳು. ಲಂಗ ಗಿಡ್ಡವಾಗಿದೆ, ಮಡಿಕೆ ಬಿಚ್ಚಿಕೊಡಿ ಅಂತ. ಐದೇ ತಿಂಗಳಿಗೆ ನಾಲ್ಕು ಬೆರಳೂ ಬೇಕಾಯಿತು ಅವಳಿಗೆ. ಬಿಚ್ಚಿ, ಇಸ್ತ್ರಿ ಮಾಡಿ, ಹೊಸ ಅಂಚು ಹೊಲಿದೆ. ಅವಳು ಹೊರಟಾಗ ಒಂದು ನಿಮಿಷ ನಿಲ್ಲಮ್ಮ ಅಂದೆ. ಟೇಪು ತೆಗೆದೆ. ಯಾಕೆ ಆಂಟಿ ಎಂದು ಕೇಳಿದಳು. ಸುಮ್ಮನೆ ಅಂದೆ. ಕೈ ಚಾಚಿ ನಿಂತಳು.

ನನ್ನ ಅಳತೆ ಪುಸ್ತಕದಲ್ಲಿ ಇಬ್ಬರದ್ದೂ ಅಕ್ಕಪಕ್ಕದ ಪುಟ. ಬಾಲವಾಡಿಯಿಂದ ಮೂರು ವರ್ಷದ ಅಳತೆ ಇದೆ. ಮೂರು ವರ್ಷವೂ ಕಡ್ಡಿ ಅವಳಿಗಿಂತ ಎರಡು ಬೆರಳು ಕಡಿಮೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಹಿಮ್ಮಡಿ ಎತ್ತಿ, ನಾನೇ ಉದ್ದ ಅಂತ ಕಡ್ಡಿ ಜಗಳ ತೆಗೆಯುತ್ತಿದ್ದಳು. ನಾನು ಹಿಮ್ಮಡಿಯನ್ನು ನೆಲಕ್ಕೆ ಒತ್ತುತ್ತಿದ್ದೆ.

ಆ ಹುಡುಗಿಯ ಅಳತೆಯಲ್ಲಿ ಎರಡು ಬೆರಳು ಕಳೆದು ಬರೆದಿದ್ದೇನೆ. ಉದ್ದ ಹದಿನೈದೂವರೆ ಇಂಚು. ಎದೆ ಇಪ್ಪತ್ಮೂರು, ಅವಳು ಅಲ್ಲಿ ಎಂದೂ ತುಂಬಿಕೊಂಡವಳಲ್ಲ. ಕತ್ತು ಸ್ವಲ್ಪ ಅಗಲ ಇರಲಿ, ಬಿಗಿಯಾದರೆ ಕಿತ್ತು ಬಿಸಾಡುತ್ತಾಳೆ. ತೋಳು ಹನ್ನೆರಡು.

ಸ್ವೆಟರ್ ಬಂದ ಮೇಲೆ ಏನು ಮಾಡುತ್ತೇನೋ ನನಗೆ ಗೊತ್ತಿಲ್ಲ. ಯಾವುದಾದರೂ ಮಗುವಿಗೆ ಕೊಡು ಅಂತ ಮಾತ್ರ ಹೇಳಬೇಡ. ಮೀಸೆ ಡ್ರೈವರ ಕೈಯಲ್ಲಿ ಕಳಿಸಬೇಡ. ನೀನೇ ತಗೊಂಡು ಬಾ. ದಾರಿಯಲ್ಲಿ ಎಲ್ಲೂ ಇಳಿಯಬೇಡ.

ದೊಡ್ಡಮ್ಮನಿಗೆ ಒಂದು ಮಾತು ಹೇಳು. ತೋಳು ನಾನು ಬರೆದದ್ದಕ್ಕಿಂತ ಎರಡು ಬೆರಳು ಉದ್ದವೇ ಇರಲಿ, ಈಗ ಒಳಗೆ ಮಡಚಿದರಾಯಿತು. ಬೆಳೆಯುವ ಮಗು.

ನಿನ್ನ ತಂಗಿ